ಆರು ಎಲ್‌ಇಡಿ, ಒಂದು ಹಳೆ ಸಿಡಿ: ಕರಾವಳಿಯ ಸೆಕೆಯಲ್ಲಿ ಪ್ಲಾಂಕ್ ಸ್ಥಿರಾಂಕ ಅಳೆಯುವ ಬಗೆ

ಕೆಂಪು ಎಲ್‌ಇಡಿಗೆ 20 ಮಿಲಿಆಂಪಿಯರ್ ಕರೆಂಟ್ ಹರಿಸಿ ಅದರ ಎರಡು ಕಾಲುಗಳ ನಡುವಿನ ವೋಲ್ಟೇಜ್ ನೋಡಿ. ಹೆಚ್ಚುಕಡಿಮೆ 1.95 ವೋಲ್ಟ್ ಇರುತ್ತದೆ. ಅದನ್ನು ಎಲೆಕ್ಟ್ರಾನಿನ ಚಾರ್ಜ್‌ನಿಂದಲೂ 632 ನ್ಯಾನೊಮೀಟರ್ ತರಂಗಾಂತರದಿಂದಲೂ ಗುಣಿಸಿ, ಬೆಳಕಿನ ವೇಗದಿಂದ ಭಾಗಿಸಿ. ಬರುವುದು 6.59 × 10⁻³⁴ ಜೂಲ್-ಸೆಕೆಂಡ್. ಇದೇ ಪ್ಲಾಂಕ್ ಸ್ಥಿರಾಂಕ, ಬೆಳಕಿನ ಆವರ್ತನವನ್ನು ಅದರ ಕಣವಾದ ಫೋಟಾನಿನ ಶಕ್ತಿಗೆ ಜೋಡಿಸುವ ಸಂಖ್ಯೆ. ಪುಸ್ತಕದಲ್ಲಿರುವುದು 6.63. ರೆಕಾರ್ಡ್ ಪುಸ್ತಕಕ್ಕೆ ಸಹಿ ಬಿತ್ತು, ಪ್ರಯೋಗ ಮುಗಿಯಿತು.

ಈಗ ಅದೇ ಎಲ್‌ಇಡಿಗೆ 10 ಮೈಕ್ರೊಆಂಪಿಯರ್ ಮಾತ್ರ ಹರಿಸಿ. ವೋಲ್ಟೇಜ್ 1.6ರ ಆಸುಪಾಸಿಗೆ ಇಳಿಯುತ್ತದೆ. 1.58 ಬಂತು ಎಂದಿಟ್ಟುಕೊಂಡರೆ ಉತ್ತರ 5.34. ಎಲ್‌ಇಡಿ ಬದಲಾಗಿಲ್ಲ, ಬಣ್ಣವೂ ಬದಲಾಗಿಲ್ಲ, ಪ್ಲಾಂಕ್ ಸ್ಥಿರಾಂಕವಂತೂ ಬದಲಾಗುವಂಥದ್ದಲ್ಲ. ಅಂದರೆ ಮೊದಲ ಸಲ ಸರಿ ಉತ್ತರ ಬಂದದ್ದು ಕಾಕತಾಳೀಯ. ಆ ಕಾಕತಾಳೀಯವನ್ನು ನೆಚ್ಚದೆ, ಮಂಗಳೂರು–ಉಡುಪಿಯ ಯಾವುದೇ ಪಿಯು ಅಥವಾ ಡಿಗ್ರಿ ಕಾಲೇಜಿನ ಮೇಜಿನ ಮೇಲೆ, ಬೇಕಾದರೆ ಮನೆಯ ಜಗಲಿಯಲ್ಲೂ, ಈ ಅಳತೆಯನ್ನು ಮಾಡುವ ಕ್ರಮ ಕೆಳಗಿದೆ.

ಒಂದು ಮಾತು ಮೊದಲೇ ಹೇಳಬೇಕು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕ ಅಳೆದು ಕಂಡುಕೊಳ್ಳುವ ಸಂಖ್ಯೆಯಾಗಿ ಉಳಿದಿಲ್ಲ. 6.62607015 × 10⁻³⁴ ಎಂದು ಅದನ್ನು ನಿಗದಿ ಮಾಡಿ, ಕಿಲೋಗ್ರಾಮಿನ ವ್ಯಾಖ್ಯೆಯನ್ನೇ ಅದರ ಮೇಲೆ ನಿಲ್ಲಿಸಲಾಗಿದೆ. ಎಲೆಕ್ಟ್ರಾನಿನ ಚಾರ್ಜ್ 1.602176634 × 10⁻¹⁹ ಕೂಲಂಬ್, ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್, ಇವೂ ನಿಗದಿಯಾದವೇ. ಮೂರೂ ಗೊತ್ತಿರುವಾಗ ಈ ಪ್ರಯೋಗದಲ್ಲಿ ನಿಜಕ್ಕೂ ಪರೀಕ್ಷೆಗೆ ಕೂರುವುದು ನಿಮ್ಮ ಮೀಟರು, ನಿಮ್ಮ ಸ್ಕೇಲು ಮತ್ತು ಎಲ್‌ಇಡಿಯ ಬಗ್ಗೆ ನಿಮಗಿರುವ ತಿಳಿವಳಿಕೆ. ಹಾಗಾಗಿ ಉತ್ತರಕ್ಕಿಂತ ಅದರ ಪಕ್ಕ ಬರೆಯುವ "± ಇಷ್ಟು" ಎಂಬುದರ ಮೇಲೆ ಹೆಚ್ಚು ಹೊತ್ತು ಕಳೆಯಿರಿ.

ಲೆಕ್ಕದ ಹಿಂದಿನ ವಿಚಾರ

ಎಲ್‌ಇಡಿಯೊಳಗೆ ಎಲೆಕ್ಟ್ರಾನು ಒಂದು ನಿರ್ದಿಷ್ಟ ಶಕ್ತಿಯಂತರವನ್ನು ಇಳಿಯುವಾಗ ಅಷ್ಟೇ ಶಕ್ತಿಯ ಒಂದು ಫೋಟಾನ್ ಹೊರಬರುತ್ತದೆ. ಫೋಟಾನಿನ ಶಕ್ತಿಯನ್ನು ಎಲೆಕ್ಟ್ರಾನ್-ವೋಲ್ಟಿನಲ್ಲಿ ಬೇಕೆಂದರೆ 1240ನ್ನು ನ್ಯಾನೊಮೀಟರಿನ ತರಂಗಾಂತರದಿಂದ ಭಾಗಿಸಿದರಾಯಿತು. ಆದರೆ ಹೊರಗಿನಿಂದ ಕೊಟ್ಟ ವೋಲ್ಟೇಜ್ ಆ ಅಂತರಕ್ಕೆ ಸರಿಸಮ ಆಗಬೇಕಿಲ್ಲ. ಡಯೋಡಿನಲ್ಲಿ ಕರೆಂಟು ವೋಲ್ಟೇಜಿನೊಂದಿಗೆ ಘಾತೀಯವಾಗಿ ಏರುತ್ತದೆ. "ಇಲ್ಲಿಂದ ಉರಿಯಲು ಶುರು" ಎಂಬ ಗಡಿಗೆರೆ ನಿಸರ್ಗದಲ್ಲಿ ಇಲ್ಲ. ಉರಿಯುವುದು ಕಣ್ಣಿಗೆ ಕಂಡ ಕ್ಷಣದ ವೋಲ್ಟೇಜ್ ಬರೆದುಕೊಳ್ಳಿ ಎನ್ನುವ ಹಳೆಯ ಕ್ರಮ ಬೇಡ ಎನ್ನುವುದು ಇದಕ್ಕೇ. ಕಣ್ಣು ಹಸಿರಿಗೆ ಚುರುಕು, ನೇರಳೆಗೆ ಮಂದ. ಒಂದೊಂದು ಬಣ್ಣಕ್ಕೆ ಒಂದೊಂದು ಕರೆಂಟಿನಲ್ಲಿ ಅದು "ಕಂಡಿತು" ಅನ್ನುತ್ತದೆ.

ಬದಲಿಗೆ ಎಲ್ಲ ಎಲ್‌ಇಡಿಗಳಿಗೂ ಒಂದೇ ಕರೆಂಟ್, 10 ಮೈಕ್ರೊಆಂಪಿಯರ್, ಹರಿಸಿ ವೋಲ್ಟೇಜ್ ಅಳೆಯಿರಿ. ಆಗ ಪ್ರತಿಯೊಂದರಲ್ಲೂ ವೋಲ್ಟೇಜ್ ಫೋಟಾನ್ ಶಕ್ತಿಗಿಂತ ಸುಮಾರಾಗಿ ಒಂದೇ ಪ್ರಮಾಣದಷ್ಟು ಕಡಿಮೆ ಇರುತ್ತದೆ. ತರಂಗಾಂತರದ ವಿಲೋಮದ ಎದುರು ವೋಲ್ಟೇಜಿನ ಗ್ರಾಫ್ ಬಿಡಿಸಿದರೆ ಆ ಕೊರತೆ ಗೆರೆಯನ್ನು ಇಡಿಯಾಗಿ ಕೆಳಕ್ಕೆ ತಳ್ಳುತ್ತದೆಯೇ ಹೊರತು ಓರೆಯನ್ನು ಕೆಡಿಸುವುದಿಲ್ಲ. ನಮಗೆ ಬೇಕಾದದ್ದು ಆ ಓರೆ, ಅಂದರೆ ಸ್ಲೋಪ್.

ಏನೇನು ಬೇಕು

ಎಲ್‌ಇಡಿಗಳು 5 ಮಿಲಿಮೀಟರಿನವು, ನೀರಿನಂತೆ ಪಾರದರ್ಶಕ ತಲೆಯವು: ಇನ್‌ಫ್ರಾರೆಡ್ (940 ನ್ಯಾನೊಮೀಟರ್), ಕೆಂಪು (630ರ ಆಸುಪಾಸು), ಹಳದಿ (590), ಅಚ್ಚ ಹಸಿರು (525), ನೀಲಿ (470), ನೇರಳೆ (400). ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿ ಪೇಟೆಯಲ್ಲೋ ಬಿಡಿಭಾಗ ಮಾರುವವರ ಬಳಿ "ವಾಟರ್ ಕ್ಲಿಯರ್" ಎಂದೇ ಕೇಳಿ. ಬಿಳಿ ಎಲ್‌ಇಡಿ ಬೇಡವೇ ಬೇಡ. ಅದು ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದದ್ದು. ಅಷ್ಟಮಿ, ದೀಪಾವಳಿಗೆ ಕಟ್ಟುವ ಸೀರಿಯಲ್ ಲೈಟಿನಿಂದ ಕಿತ್ತವನ್ನೂ ನಂಬಬೇಡಿ, ಬಣ್ಣ ಎಷ್ಟೋ ಸಲ ಮೇಲಿನ ಪ್ಲಾಸ್ಟಿಕ್ಕಿನದ್ದಾಗಿರುತ್ತದೆ. ಹಸಿರಿನಲ್ಲಿ ಎರಡು ಜಾತಿ ಉಂಟು. ಹಳೆಯ ಕಾಲದ ಹಳದಿಮಿಶ್ರಿತ ಹಸಿರು 565–570ರದ್ದು, 20 ಮಿಲಿಆಂಪಿಯರಿಗೆ 2 ವೋಲ್ಟ್ ಚಿಲ್ಲರೆ ತೋರಿಸುತ್ತದೆ. ಅಚ್ಚ ಹಸಿರು 3 ವೋಲ್ಟಿನ ಹತ್ತಿರ. ನಮಗೆ ಬೇಕಾದ್ದು ಎರಡನೆಯದು. ನೇರಳೆ ಎಲ್‌ಇಡಿಯನ್ನು ಪೂರ್ಣ ಕರೆಂಟಿನಲ್ಲಿ ನೇರವಾಗಿ ದಿಟ್ಟಿಸಬಾರದು. ಮಂದವಾಗಿ ಕಂಡರೂ ಕಣ್ಣಿಗೆ ಹೋಗುವ ಶಕ್ತಿ ಕಡಿಮೆಯೇನಲ್ಲ.

ಉಳಿದಂತೆ 9 ವೋಲ್ಟಿನ ಬ್ಯಾಟರಿ, 10 ಕೆ (ಅಂದರೆ 10 ಕಿಲೋಓಂ), ಹಲವು ಸುತ್ತು ತಿರುಗಿಸಿ ತಡೆ ಬದಲಿಸಬಲ್ಲ ಮಲ್ಟಿಟರ್ನ್ ಟ್ರಿಮ್‌ಪಾಟ್, ಶೇಕಡಾ 1ರ ಮೆಟಲ್ ಫಿಲ್ಮ್ 10 ಕೆ ರೆಸಿಸ್ಟರ್, ಮಲ್ಟಿಮೀಟರ್, ಕಪ್ಪು ಸ್ಲೀವ್, ಬೇಡವಾದ ಒಂದು ಸಿಡಿ, ಒಂದು ಮೀಟರಿನ ಸ್ಕೇಲು, ಎರಡು ಶೇವಿಂಗ್ ಬ್ಲೇಡು. ಮೊಬೈಲ್ ಚಾರ್ಜರನ್ನು ಬ್ಯಾಟರಿಗೆ ಬದಲಾಗಿ ಬಳಸಬೇಡಿ. ಅದರ ಔಟ್‌ಪುಟ್‌ನಲ್ಲಿ ಸವಾರಿ ಮಾಡುವ ಅಲೆಗಳನ್ನು ಎಲ್‌ಇಡಿ, ತಾನೇ ಒಂದು ಡಯೋಡ್ ಆದ್ದರಿಂದ, ಒಂದೇ ಕಡೆಗೆ ತಿರುಗಿಸುತ್ತದೆ. ಮೀಟರಿನಲ್ಲಿ ಕಾಣುವ ಸರಾಸರಿ ಆಗ ಸರಿಯಾದದ್ದಲ್ಲ. ಬ್ಯಾಟರಿಯಾದರೆ ಇನ್ನೊಂದು ಉಪಕಾರ: ಗುಡುಗು ಬಂದು ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಸರ್ಕ್ಯೂಟ್

ಬ್ಯಾಟರಿಯ ಎರಡು ತುದಿ ಪಾಟ್‌ನ ಎರಡು ಹೊರಗಾಲುಗಳಿಗೆ. ಪಾಟ್‌ನ ನಡುಗಾಲಿನಿಂದ 10 ಕೆ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದದ ಕಾಲು, ಗಿಡ್ಡ ಕಾಲು ಬ್ಯಾಟರಿಯ ನೆಗೆಟಿವ್‌ಗೆ. ಪಾಟನ್ನು ಪೂರ್ತಿ ತಿರುಗಿಸಿದರೂ ಎಲ್‌ಇಡಿಗೆ ಹೋಗುವುದು 1 ಮಿಲಿಆಂಪಿಯರಿಗಿಂತ ಕಡಿಮೆ, ಏನೂ ಸುಡುವುದಿಲ್ಲ.

ಕರೆಂಟನ್ನು ಮೀಟರಿನ ಆಂಪಿಯರ್ ರೇಂಜಿನಲ್ಲಿ ಅಳೆಯಬೇಡಿ. ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿ. 10 ಕೆ ಮೇಲೆ 100 ಮಿಲಿವೋಲ್ಟ್ ಬಂದರೆ ಅದೇ 10 ಮೈಕ್ರೊಆಂಪಿಯರ್. ಪಾಟ್ ಒಂದೇ ಸುತ್ತಿನದ್ದಾದರೆ ಒಂದು ಡಿಗ್ರಿ ತಿರುಗಿಸಿದ್ದಕ್ಕೆ 33 ಮಿಲಿವೋಲ್ಟ್ ಜಿಗಿಯುತ್ತದೆ, 100ಕ್ಕೆ ತಂದು ನಿಲ್ಲಿಸಲು ಸರ್ಕಸ್ ಮಾಡಬೇಕಾಗುತ್ತದೆ. ಮಲ್ಟಿಟರ್ನ್ ಬೇಕೆಂದದ್ದು ಅದಕ್ಕೆ. ಹಾಗೆಂದು 100.0ಕ್ಕೇ ನಿಲ್ಲಬೇಕೆಂಬ ಹಟವೂ ಬೇಡ. ಕರೆಂಟಿನಲ್ಲಿ ಶೇಕಡಾ 5 ಆಚೀಚೆಯಾದರೆ ಎಲ್‌ಇಡಿ ವೋಲ್ಟೇಜ್ ಬದಲಾಗುವುದು ಎರಡು–ಮೂರು ಮಿಲಿವೋಲ್ಟ್ ಅಷ್ಟೆ.

ಮೀಟರ್ ಮಾಡುವ ಮೋಸ

ಇಲ್ಲಿ ಸ್ವಲ್ಪ ನಿಧಾನಿಸಿ. ಎಲ್ಲರ ಕೈಯಲ್ಲೂ ಇರುವ ಹಳದಿ ಡಿಟಿ-830 ಮಾದರಿಯ ಮೀಟರಿನ ಒಳತಡೆ ಡಿಸಿ ವೋಲ್ಟ್ ರೇಂಜಿನಲ್ಲಿ 1 ಮೆಗಾಓಂ. 2 ವೋಲ್ಟಿನ ಎಲ್‌ಇಡಿಗೆ ಅದನ್ನು ಅಡ್ಡ ಹಿಡಿದರೆ ಮೀಟರೇ 2 ಮೈಕ್ರೊಆಂಪಿಯರ್ ಕುಡಿಯುತ್ತದೆ. ನೀವು ಕಷ್ಟಪಟ್ಟು ಹೊಂದಿಸಿದ ಹತ್ತರಲ್ಲಿ ಎಲ್‌ಇಡಿಗೆ ಸಿಕ್ಕುವುದು ಎಂಟು! ಇದರಿಂದ ವೋಲ್ಟೇಜ್ ಸುಮಾರು 12 ಮಿಲಿವೋಲ್ಟ್ ಕುಸಿಯುತ್ತದೆ. 10 ಮೆಗಾಓಂ ಮೀಟರಾದರೆ ಈ ಕುಸಿತ 1 ಮಿಲಿವೋಲ್ಟ್, ಮರೆತುಬಿಡಬಹುದು.

ಇನ್ನೊಂದು ತಾಪತ್ರಯ. ಡಿಟಿ-830ರ 2000 ಮಿಲಿವೋಲ್ಟ್ ರೇಂಜ್ 1999ಕ್ಕೆ ಮುಗಿಯುತ್ತದೆ. ಕೆಂಪು, ಹಳದಿ ಅದರೊಳಗೆ ಬರುತ್ತವೆ. ಹಸಿರು, ನೀಲಿ, ನೇರಳೆಗೆ 20 ವೋಲ್ಟ್ ರೇಂಜಿಗೆ ಹೋಗಬೇಕು, ಅಲ್ಲಿ ಒಂದೊಂದು ಮೆಟ್ಟಿಲು 10 ಮಿಲಿವೋಲ್ಟ್. 6000 ಕೌಂಟಿನ (5999ರವರೆಗೆ ಅಂಕಿ ತೋರಿಸುವ), 10 ಮೆಗಾಓಂ ಮೀಟರ್ ಕಾಲೇಜಿನಲ್ಲಿದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಇಲ್ಲದವರಿಗೆ ಒಂದು ಉಪಾಯ: ಹೊಸ 1.5 ವೋಲ್ಟಿನ ಪೆನ್ ಸೆಲ್ ತೆಗೆದು ಮೊದಲು ಅದರ ವೋಲ್ಟೇಜ್ ಬರೆದುಕೊಳ್ಳಿ, 1.580 ಅನ್ನೋಣ. ಸೆಲ್ಲಿನ ನೆಗೆಟಿವನ್ನು ಎಲ್‌ಇಡಿಯ ನೆಗೆಟಿವ್‌ಗೆ ಸೇರಿಸಿ, ಮೀಟರನ್ನು ಎಲ್‌ಇಡಿಯ ಪಾಸಿಟಿವ್ ಮತ್ತು ಸೆಲ್ಲಿನ ಪಾಸಿಟಿವ್ ನಡುವೆ ಹಿಡಿಯಿರಿ. ಮೀಟರು ಈಗ ವ್ಯತ್ಯಾಸವನ್ನು ಮಾತ್ರ ತೋರಿಸುತ್ತದೆ, 800 ಮಿಲಿವೋಲ್ಟ್ ಬಂದರೆ ಎಲ್‌ಇಡಿಯದ್ದು 2.380. ಮೆಟ್ಟಿಲು 1 ಮಿಲಿವೋಲ್ಟಿಗೆ ಇಳಿಯಿತು, ಮೀಟರು ಕದಿಯುವ ಕರೆಂಟೂ 0.8 ಮೈಕ್ರೊಆಂಪಿಯರಿಗೆ ಇಳಿಯಿತು. ಪಿಯುಸಿ ಲ್ಯಾಬಿನಲ್ಲಿ ಉದ್ದನೆಯ ತಂತಿಯ ಪೊಟೆನ್ಶಿಯೊಮೀಟರ್ ಇಟ್ಟು ಬೇಸರ ಹುಟ್ಟಿಸುತ್ತಾರಲ್ಲ, ಅದರ ಒಳಗುಟ್ಟು ಇದೇ.

ಮೀಟರಿನೊಳಗಿನ ಬ್ಯಾಟರಿಯನ್ನೂ ನೋಡಿ. ಅದು ಸೋತರೆ ಈ ಅಗ್ಗದ ಮೀಟರುಗಳು ಸುಮ್ಮನೆ ಆರುವುದಿಲ್ಲ, ಇರುವುದಕ್ಕಿಂತ ಹೆಚ್ಚು ವೋಲ್ಟೇಜ್ ತೋರಿಸುತ್ತಾ ಹೋಗುತ್ತವೆ. ಹೊಸ ಬ್ಯಾಟರಿ ಹಾಕಿದರೂ ಶೇಕಡಾ ಅರ್ಧ ತಪ್ಪಿರಬಹುದು ಎಂದೇ ತಯಾರಕರು ಹೇಳುವುದು. ಇದನ್ನು ಪರೀಕ್ಷಿಸಲು ಎಲ್‌ಎಂ4040ರ 'ಎ' ದರ್ಜೆಯಂಥ ಶೇಕಡಾ 0.1ರೊಳಗೆ ನಿಗದಿತ ವೋಲ್ಟೇಜ್ ಕೊಡುವ ರೆಫರೆನ್ಸ್ ಚಿಪ್ಪು ಸಾಕು. ಆ ಚಿಪ್ಪಿಗೆ ಬೆಲೆ ಕಟ್ಟಿದ ಮೀಟರು, ಆ ಮೀಟರಿಗೆ ಬೆಲೆ ಕಟ್ಟಿದ ಇನ್ನೊಂದು ಎಂದು ಹಿಂದೆ ಹಿಂದೆ ಹೋದರೆ ಸಿಗುವುದು ಜೋಸೆಫ್ಸನ್ ವೋಲ್ಟೇಜ್ ಸ್ಟ್ಯಾಂಡರ್ಡ್. ನಮ್ಮ ದೇಶದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಅಲ್ಲಿ ವೋಲ್ಟೇಜನ್ನು ಮೈಕ್ರೊವೇವ್ ಆವರ್ತನದಿಂದ ಹುಟ್ಟಿಸುತ್ತಾರೆ, ಮತ್ತು ಆ ಎರಡರ ನಡುವಿನ ಅನುಪಾತದಲ್ಲಿ ಕೂತಿರುವುದು ಇದೇ ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ಚಾರ್ಜ್. ನಿಮ್ಮ ಮೀಟರಿನ ಹೊಟ್ಟೆಯೊಳಗೆ ಉತ್ತರ ಮೊದಲೇ ಉಂಟು, ಮಾರಾಯ್ರೆ!

ಸೆಕೆ, ತೇವ, ಉಪ್ಪುಗಾಳಿ

ಆಟಿ ತಿಂಗಳಲ್ಲಿ ಇಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಬ್ರೆಡ್‌ಬೋರ್ಡಿಗೆ ಹಿಡಿಯದೆ ಇರುತ್ತದೆಯೇ? ಆದರೂ ತೇವದಿಂದ ಸೋರುವ ಕರೆಂಟಿಗೆ ಅಗತ್ಯಕ್ಕಿಂತ ಹೆಚ್ಚು ಹೆದರುವವರೇ ಜಾಸ್ತಿ. ಪರೀಕ್ಷೆ ಸುಲಭ. ಎಲ್‌ಇಡಿ ಕಿತ್ತು, ಪಾಟ್ ಪೂರ್ತಿ ಏರಿಸಿ, 10 ಕೆ ಮೇಲಿನ ವೋಲ್ಟೇಜ್ ನೋಡಿ. 1 ಮಿಲಿವೋಲ್ಟ್ ಇದ್ದರೆ ಸೋರಿಕೆ 0.1 ಮೈಕ್ರೊಆಂಪಿಯರ್. ಹತ್ತರಲ್ಲಿ ಅದು ನೂರನೇ ಒಂದು ಭಾಗ, ನಮ್ಮ ಅಳತೆಗೆ ತಾಗದು. ಅದಕ್ಕಿಂತ ಹೆಚ್ಚಿದ್ದರೆ ಬೆರಳಿನ ಬೆವರಿನ ಉಪ್ಪು ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೇರ್ ಡ್ರೈಯರಿನಿಂದ ಒಣಗಿಸಿ ಮತ್ತೆ ನೋಡಿ. 1 ಮೈಕ್ರೊಆಂಪಿಯರ್ ಅಥವಾ ಕೆಳಗೆ ಅಳೆಯಹೊರಟರೆ ಮಾತ್ರ ಬ್ರೆಡ್‌ಬೋರ್ಡ್ ಬಿಟ್ಟು ಬೆಸುಗೆಗೆ ಬನ್ನಿ. ಬಳಸದಾಗ ಎಲ್ಲವನ್ನೂ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಉಪ್ಪುಗಾಳಿಗೆ ತುಕ್ಕು ಹಿಡಿದ ಕಾಲುಗಳ ಕತೆಯೂ ಹೀಗೆಯೇ. 10 ಓಂ ಹೆಚ್ಚುವರಿ ಸೇರಿಕೊಂಡರೆ 10 ಮಿಲಿಆಂಪಿಯರಿನಲ್ಲಿ 100 ಮಿಲಿವೋಲ್ಟ್ ತಪ್ಪು. 10 ಮೈಕ್ರೊಆಂಪಿಯರಿನಲ್ಲಿ 0.1 ಮಿಲಿವೋಲ್ಟ್. ಕಡಿಮೆ ಕರೆಂಟ್ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ನಿಜಕ್ಕೂ ಕಾಡುವುದು ಉಷ್ಣತೆ. ಒಂದೇ ಕರೆಂಟಿನಲ್ಲಿ ಎಲ್‌ಇಡಿ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಕೆಂಪನ್ನು ಬೆಳಿಗ್ಗೆ ಏಳಕ್ಕೂ ನೇರಳೆಯನ್ನು ಮಧ್ಯಾಹ್ನದ ಸೆಕೆಯಲ್ಲೂ ಅಳೆದರೆ ಗ್ರಾಫಿನ ಓರೆಯೇ ತಿರುಚಿಕೊಳ್ಳುತ್ತದೆ. ಆರನ್ನೂ ಒಂದೇ ಬೋರ್ಡಿನಲ್ಲಿ ಸಾಲಾಗಿ ನೆಟ್ಟು, ಫ್ಯಾನ್ ನೇರ ಬೀಸದಂತೆ ರಟ್ಟಿನ ಪೆಟ್ಟಿಗೆ ಮುಚ್ಚಿ, ಅರ್ಧ ಗಂಟೆಯೊಳಗೆ ಎಲ್ಲ ಓದುಗಳನ್ನು ಮುಗಿಸಿ. ಕಾಲುಗಳನ್ನು ಬೆರಳಿನಲ್ಲಿ ಹಿಡಿಯಬಾರದು. ಹಿಡಿದರೆ ಅಂಕಿ ಇಳಿಯುವುದು ಕಣ್ಣೆದುರೇ ಕಾಣುತ್ತದೆ.

ಪೆಟ್ಟಿಗೆ ಬೆಳಕಿಗೂ ಬೇಕು. ಎಲ್‌ಇಡಿ ಬೆಳಕು ಕುಡಿದು ವೋಲ್ಟೇಜ್ ಉಗುಳುತ್ತದೆ. ನಂಬಿಕೆ ಬಾರದಿದ್ದರೆ ಕೆಂಪು ಎಲ್‌ಇಡಿಯನ್ನು ಬ್ಯಾಟರಿಯಿಲ್ಲದೆ ಬರೀ ಮೀಟರಿಗೆ ಸಿಕ್ಕಿಸಿ ಬಿಸಿಲಿಗೆ ಹಿಡಿದು ನೋಡಿ. ಅಳೆಯುವಾಗ ಪ್ರತಿಯೊಂದರ ತಲೆಗೂ ಕಪ್ಪು ಸ್ಲೀವ್ ಹಾಕಿ.

ತರಂಗಾಂತರ

ಅಂಗಡಿಯವರು ಹೇಳುವ ತರಂಗಾಂತರ ಹತ್ತು–ಹದಿನೈದು ನ್ಯಾನೊಮೀಟರ್ ಆಚೀಚೆ ಇರಬಹುದು. ನೀವೇ ಅಳೆಯಿರಿ. ಸಿಡಿ-ಆರ್ ತೆಗೆದುಕೊಂಡು ಲೇಬಲ್ ಕಡೆ ಬ್ಲೇಡಿನಿಂದ ಗೀರಿ, ಪ್ಯಾಕಿಂಗ್ ಟೇಪ್ ಒತ್ತಿ ಅಂಟಿಸಿ ಎಳೆದರೆ ಬೆಳ್ಳಿಪದರ ಕಿತ್ತು ಬರುತ್ತದೆ. ಉಳಿದ ಬಣ್ಣವನ್ನು ಸ್ಪಿರಿಟ್ಟಿನಲ್ಲಿ ತೊಳೆದರೆ ಪಾರದರ್ಶಕ ತಟ್ಟೆ ಸಿಗುತ್ತದೆ. ಅದರ ಹೊರ ಅಂಚಿನಿಂದ ಎರಡು ಸೆಂಟಿಮೀಟರಿನ ತುಂಡು ಕತ್ತರಿಸಿ; ಅಂಚಿನಲ್ಲಿ ಸಿಡಿಯ ಸುರುಳಿ ಗೆರೆಗಳು ಹೆಚ್ಚು ನೇರ. ಇದೇ ನಿಮ್ಮ ಗ್ರೇಟಿಂಗ್, ಒತ್ತೊತ್ತಾದ ಗೆರೆಗಳಿಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ತಟ್ಟೆ.

ಎರಡು ಬ್ಲೇಡಿನ ಅಲಗುಗಳನ್ನು 1 ಮಿಲಿಮೀಟರ್ ಬಿಟ್ಟು ರಟ್ಟಿಗೆ ಅಂಟಿಸಿ, ಹಿಂದೆ ಎಲ್‌ಇಡಿ ಇಡಿ. ಸೀಳಿಗೆ ತಾಗಿದಂತೆ ಅಡ್ಡಲಾಗಿ ಸ್ಕೇಲು. ಸರಿಯಾಗಿ 500 ಮಿಲಿಮೀಟರ್ ದೂರದಲ್ಲಿ ಸಿಡಿ ತುಂಡು, ಅದರ ಗೆರೆಗಳು ಸೀಳಿಗೆ ಸಮಾಂತರ. ತುಂಡಿಗೆ ಕಣ್ಣು ತಾಗಿಸಿ ನೋಡಿದರೆ ಸೀಳಿನ ಎಡಕ್ಕೊಂದು ಬಲಕ್ಕೊಂದು ಬಣ್ಣದ ಪಟ್ಟಿ ಸ್ಕೇಲಿನ ಮೇಲೆಯೇ ತೇಲುತ್ತದೆ. ಎರಡೂ ಕಡೆಯ ದೂರ ಓದಿ ಸರಾಸರಿ ತೆಗೆಯಿರಿ. ತುಂಡು ತುಸು ಓರೆಯಾಗಿದ್ದರೂ ಆ ತಪ್ಪು ಬಹುಪಾಲು ಸರಾಸರಿಯಲ್ಲಿ ಕಳೆದುಹೋಗುತ್ತದೆ. ಪಟ್ಟಿಯ ದೂರವನ್ನು 500ರಿಂದ ಭಾಗಿಸಿದರೆ ಕೋನದ ಟ್ಯಾನ್. ಆ ಕೋನದ ಸೈನನ್ನು ಗೆರೆಗಳ ಅಂತರದಿಂದ ಗುಣಿಸಿದರೆ ತರಂಗಾಂತರ.

ಗೆರೆಗಳ ಅಂತರ ಎಷ್ಟು? ಪುಸ್ತಕಗಳು 1600 ನ್ಯಾನೊಮೀಟರ್ ಅನ್ನುತ್ತವೆ. ಆದರೆ 700 ಎಂಬಿಯ ಸಿಡಿ-ಆರ್‌ನಲ್ಲಿ ಹೆಚ್ಚು ಹೊತ್ತಿನ ಹಾಡು ತುರುಕಲು ಸುರುಳಿಯನ್ನು ಬಿಗಿಮಾಡಿ 1500ರ ಹತ್ತಿರ ತಂದಿರುತ್ತಾರೆ. ನೋಡದೆ 1600 ಹಾಕಿದರೆ ಆರೂ ತರಂಗಾಂತರ ಸುಮಾರು ಶೇಕಡಾ 7ರಷ್ಟು ಉಬ್ಬುತ್ತದೆ, ಉತ್ತರವೂ ಅಷ್ಟೇ. ಆದ್ದರಿಂದ ಮೊದಲು ಹಳೆಯ ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್ ಬಲ್ಬನ್ನು ಸೀಳಿನ ಹಿಂದೆ ಇಡಿ. ಒಳಗಿನ ಪಾದರಸ 435.8 ನ್ಯಾನೊಮೀಟರಿನಲ್ಲಿ ಚೂಪಾದ ನೀಲಿನೇರಳೆ ಗೆರೆ ಕೊಡುತ್ತದೆ. ಅದು 141–142 ಮಿಲಿಮೀಟರಿನಲ್ಲಿ ಕಂಡರೆ ಅಂತರ 1600, 152ರಲ್ಲಿ ಕಂಡರೆ 1500. ಪಾದರಸದ 546.1ರ ಹಸಿರು ಗೆರೆಯೂ ಉಂಟು, ಆದರೆ ಸಿಎಫ್‌ಎಲ್‌ನಲ್ಲಿ ಅದರ ಪಕ್ಕದಲ್ಲೇ ಫಾಸ್ಫರಿನ ಟರ್ಬಿಯಂ ಹಸಿರು ಬಂದು ಎರಡೂ ಕಲಸಿಕೊಳ್ಳುತ್ತವೆ, ಅಳತೆಗೋಲು ಮಾಡಬೇಡಿ.

ಎಲ್‌ಇಡಿಯ ಪಟ್ಟಿ ಗೆರೆಯಂತೆ ಚೂಪಲ್ಲ, 20–30 ನ್ಯಾನೊಮೀಟರ್ ಅಗಲ. ಅತ್ಯಂತ ಉಜ್ವಲವಾದ ನಡುವನ್ನು ಓದಿ. 1 ಮಿಲಿಮೀಟರ್ ತಪ್ಪಿದರೆ ಸುಮಾರು 3 ನ್ಯಾನೊಮೀಟರ್. ಹಸಿರು, ನೀಲಿ ಎಲ್‌ಇಡಿಗಳ ಬಣ್ಣ ಕರೆಂಟಿನೊಂದಿಗೆ ಸರಿಯುತ್ತದೆ, ಕಡಿಮೆ ಕರೆಂಟಿನಲ್ಲಿ ತರಂಗಾಂತರ ಉದ್ದ. ಆದ್ದರಿಂದ ಕತ್ತಲ ಕೋಣೆಯಲ್ಲಿ, ಕಾಣುವಷ್ಟೇ ಮಂದ ಕರೆಂಟಿನಲ್ಲಿ ನೋಡಿ. ಇನ್‌ಫ್ರಾರೆಡ್ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿನ ಜಾಗದಲ್ಲಿ ಮೊಬೈಲ್ ಕ್ಯಾಮೆರಾ ಇಟ್ಟರೆ ಎಷ್ಟೋ ಫೋನುಗಳಲ್ಲಿ ಬಿಳಿನೇರಳೆ ಪಟ್ಟಿಯಾಗಿ ಕಾಣುತ್ತದೆ.

ಗ್ರಾಫ್ ಮತ್ತು ±

ಲೆಕ್ಕದ ಅಭ್ಯಾಸಕ್ಕೆ ಒಂದು ಮಾದರಿ ಸೆಟ್ ಇಟ್ಟುಕೊಳ್ಳೋಣ. ತರಂಗಾಂತರ 940, 632, 590, 525, 468, 400. ವೋಲ್ಟೇಜ್ ಅದೇ ಕ್ರಮದಲ್ಲಿ 1.00, 1.58, 1.69, 2.14, 2.38, 2.76. ಮೈಕ್ರೊಮೀಟರಿನಲ್ಲಿ ತರಂಗಾಂತರದ ವಿಲೋಮ 1.064, 1.582, 1.695, 1.905, 2.137, 2.500. ಎಲ್ಲ ಚುಕ್ಕಿಗಳಿಗೂ ಒಟ್ಟಾರೆ ಅತಿ ಹತ್ತಿರ ಹೋಗುವ ಲೀಸ್ಟ್ ಸ್ಕ್ವೇರ್ ಗೆರೆ ಎಳೆದರೆ ಸ್ಲೋಪ್ 1.27 ವೋಲ್ಟ್-ಮೈಕ್ರೊಮೀಟರ್, ಗೆರೆ ಲಂಬ ಅಕ್ಷವನ್ನು ಮುಟ್ಟುವುದು −0.38 ವೋಲ್ಟಿನಲ್ಲಿ. ಸ್ಲೋಪನ್ನು ಚಾರ್ಜಿನಿಂದ ಗುಣಿಸಿ ಬೆಳಕಿನ ವೇಗದಿಂದ ಭಾಗಿಸಿದರೆ 6.8 × 10⁻³⁴.

ಚುಕ್ಕಿಗಳು ಗೆರೆಯಿಂದ ಎಷ್ಟು ದೂರ ಬಿದ್ದಿವೆ ನೋಡಿ. ಹಳದಿ 84 ಮಿಲಿವೋಲ್ಟ್ ಕೆಳಗೆ, ಹಸಿರು 100 ಮಿಲಿವೋಲ್ಟ್ ಮೇಲೆ. ಈ ಚದುರಿಕೆಯಿಂದ ಸ್ಲೋಪಿನ ಅನಿಶ್ಚಿತತೆ 0.07, ಹಾಗಾಗಿ ಉತ್ತರ (6.8 ± 0.4) × 10⁻³⁴. ಮೀಟರಿನ ಶೇಕಡಾ ಅರ್ಧ, ಸ್ಕೇಲಿನ 1 ಮಿಲಿಮೀಟರ್ ಇದರ ಮುಂದೆ ಏನೂ ಅಲ್ಲ. ಕೆಂಪು–ಹಳದಿ ಒಂದು ಪದಾರ್ಥದ ಕುಟುಂಬ, ಹಸಿರು–ನೀಲಿ–ನೇರಳೆ ಗ್ಯಾಲಿಯಂ ನೈಟ್ರೈಡ್ ಕುಟುಂಬ, ಇನ್‌ಫ್ರಾರೆಡ್ ಮತ್ತೊಂದು. "ಎಲ್ಲದರಲ್ಲೂ ಕೊರತೆ ಒಂದೇ" ಎಂಬ ನಮ್ಮ ಊಹೆ ಕುಟುಂಬದಿಂದ ಕುಟುಂಬಕ್ಕೆ ಬಿರುಕು ಬಿಡುತ್ತದೆ. ಒಳ್ಳೆಯ ಮೀಟರ್ ಕೊಂಡರೆ ಉತ್ತರ ಸುಧಾರಿಸದು.

ಹಾಗಾದರೆ ನೈಟ್ರೈಡ್ ಮೂರನ್ನೇ ಇಟ್ಟುಕೊಂಡರೆ? ಸ್ಲೋಪ್ 1.04, ಉತ್ತರ 5.6. ಮೂರೂ ಚುಕ್ಕಿ ಗೆರೆಯ ಮೇಲೆ ಚೆನ್ನಾಗಿ ಕೂರುತ್ತವೆ, ಆದರೂ ಉತ್ತರ ತಪ್ಪು. ನೋಡಲು ಚೆಂದದ ಗೆರೆ ಎಂದು ಮೋಸಹೋಗಬೇಡಿ. ಇನ್‌ಫ್ರಾರೆಡ್ ಮತ್ತು ನೇರಳೆ ಗ್ರಾಫಿನ ಎರಡು ತುದಿಯಲ್ಲಿ ನಿಂತು ಓರೆಯನ್ನು ಹಿಡಿಯುತ್ತವೆ. ಅವೆರಡರಲ್ಲಿ ಯಾವುದನ್ನು ಬಿಟ್ಟರೂ ± ಹಿಗ್ಗುತ್ತದೆ. ಉತ್ತರ 6.63ರ ಹತ್ತಿರ ಬರಲೆಂದು ಯಾವುದೋ ಒಂದು ಬಣ್ಣವನ್ನು ಕೈಬಿಡುವುದಂತೂ ಅಳತೆಯಲ್ಲ, ಅಡಿಗೆ.

ಕೊನೆಯದಾಗಿ ಇಡೀ ಸಾಲನ್ನು 100 ಮೈಕ್ರೊಆಂಪಿಯರಿನಲ್ಲಿ, ಅಂದರೆ 10 ಕೆ ಮೇಲೆ 1 ವೋಲ್ಟ್ ಇಟ್ಟು, ಇನ್ನೊಮ್ಮೆ ಓದಿ. 30 ಡಿಗ್ರಿಯಲ್ಲಿ ಆದರ್ಶ ಡಯೋಡಿನ ವೋಲ್ಟೇಜ್ ಹತ್ತು ಪಟ್ಟು ಕರೆಂಟಿಗೆ 60 ಮಿಲಿವೋಲ್ಟ್ ಏರಬೇಕು. 120 ಏರಿದರೆ ಅದರ ಆದರ್ಶಾಂಕ (ಆದರ್ಶ ಏರಿಕೆಯ ಎಷ್ಟು ಪಟ್ಟು ಎಂಬುದು) 2. ಆರಕ್ಕೂ ಈ ಏರಿಕೆಯನ್ನು ಪ್ರತ್ಯೇಕ ಕಾಲಮ್ಮಿನಲ್ಲಿ ಬರೆಯಿರಿ. ಎಲ್ಲವೂ ಸಮನಾಗಿ ಏರಿದ್ದರೆ ಸ್ಲೋಪ್ ಕದಲುವುದಿಲ್ಲ. ನೀಲಿ–ನೇರಳೆ ಹೆಚ್ಚು ಏರಿದ್ದರೆ ಸ್ಲೋಪ್ ಕಡಿದಾಗುತ್ತದೆ. ಎರಡು ಸ್ಲೋಪುಗಳ ನಡುವಿನ ವ್ಯತ್ಯಾಸವನ್ನು "ಕರೆಂಟಿನ ಆಯ್ಕೆಯಿಂದ" ಎಂಬ ಹೆಸರಿನಲ್ಲಿ ± ಪಟ್ಟಿಗೆ ಸೇರಿಸಿ, ಅದರ ಕೆಳಗೆ ಕೋಣೆಯ ಉಷ್ಣತೆ ಮತ್ತು ಮೀಟರಿನ ಒಳತಡೆ ಬರೆಯಿರಿ.